ಸಬ್ಜಾ ಹಾಕಿದ ಥಾಯ್ ಕೋಳಿ

ಹೆಂಡತಿ ಬೈಯುವುದನ್ನು ನಿಲ್ಲಿಸಿದರೆ ಗಂಡ ಸುಖವಾಗಿರುತ್ತಾನೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಹಾಗೆ ಹೇಳುವವರಿಗೆ ಮದುವೆಯಾಗಿರುವುದಿಲ್ಲ, ಇಲ್ಲವೇ ಅವರ ಮನೆಗೆ ಡೆಂಗಿ ಜ್ವರ ಬಂದಿರುವುದಿಲ್ಲ. ನಮ್ಮ ಮನೆಗೆ ಬಂದಿತ್ತು. ನನ್ನ ಹೆಂಡತಿ ಫಿರ್ದೌಸ್ ಆಸ್ಪತ್ರೆಯಲ್ಲಿ ಮಲಗಿ, ಬಾಟಲಿಯ ಮೇಲೆ ಬಾಟಲಿ ಸಲಾಯಿನ್ ಏರಿಸಿಕೊಂಡು, ಅಲ್ಲಾಹನ ದಯೆಯಿಂದ ಉಳಿದು ಶಹಾಪುರದ ನಮ್ಮ ಓಣಿಗೆ ಮರಳಿ ಬಂದಳು. ಜ್ವರ ಬಿಟ್ಟಿತು. ಆದರೆ ಅದರ ಹಿಂದೆಯೇ ಅವಳ ನಾಲಗೆ ತನ್ನ ಎರಡೂ ಹುದ್ದೆಗಳಿಗೆ ರಾಜೀನಾಮೆ ಕೊಟ್ಟಿತು. ರುಚಿ ನೋಡುವುದನ್ನೂ ಬಿಟ್ಟಿತು, ನನ್ನನ್ನು ಬೈಯುವುದನ್ನೂ ಬಿಟ್ಟಿತು.

ಇದೆಷ್ಟು ಗಂಭೀರ ಸಂಗತಿ ಎಂಬುದು ನಿಮಗೆ ತಿಳಿಯಬೇಕಾದರೆ ನಮ್ಮ ಮನೆಯ ಭಾಷಾನೀತಿಯನ್ನು ಸ್ವಲ್ಪ ವಿವರಿಸಬೇಕು. ನಮ್ಮ ಮನೆಮಾತು ದಖನಿ. ಆದರೆ ಫಿರ್ದೌಸ್ ಸುರಪುರದವಳು, ಸುತ್ತಲೂ ಕನ್ನಡ ಮಾತಾಡುವ ಓಣಿಯಲ್ಲಿ ಬೆಳೆದವಳು. ಪ್ರೀತಿ, ದುಆ, ಬೆಳಗಿನ ಚಹಾ ಇವೆಲ್ಲ ದಖನಿಯಲ್ಲಿ. ಜಗಳ ಮಾತ್ರ ಅಚ್ಚ ಕನ್ನಡದಲ್ಲಿ. “ನಿಮ್ಮನ್ನ ಬೈದರ ನಾಕು ಮಂದಿಗೆ ತಿಳೀಬೇಕ್ರಿ, ಇಲ್ಲಾಂದ್ರ ಬೈದು ಏನು ಉಪಯೋಗ?” ಎಂಬುದು ಅವಳ ವಾದ. (ನಾಲ್ಕು ಮಂದಿಯೇನು, ಗಾಳಿ ಅನುಕೂಲವಾಗಿದ್ದರೆ ಬಸ್‌ಸ್ಟ್ಯಾಂಡಿನವರೆಗೂ ತಿಳಿಯುತ್ತಿತ್ತು.) ಅಂಥ ಮನೆಯಲ್ಲಿ ಆಸ್ಪತ್ರೆಯಿಂದ ಬಂದ ಮೇಲೆ ಒಂದೂ ಕನ್ನಡ ಶಬ್ದ ಕೇಳಿಬಂದಿರಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡೇ ನಡುಮನೆಗೆ ಬಂದೆ, ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಒಗೆದೆ, ಬೇಕೆಂತಲೇ ಲೋಟ ಬೀಳಿಸಿದೆ. ಅವಳು ದಖನಿಯಲ್ಲಿ ಮೆಲ್ಲಗೆ ‘ಇರಲಿ ಬಿಡಿ’ ಎಂದಳು.

ಊಟದ ಮಾತಂತೂ ಕೇಳಲೇಬೇಡಿ. ಪಕ್ಕದ ಮನೆಯ ಪರಿಮಳಾ ಮೆಣಸಿನ ಸಾರು ಮಾಡಿ ತಂದಳು. ನನ್ನ ಅಂಗಡಿಯ ಪಕ್ಕದಲ್ಲೇ ಗೊಬ್ಬರದಂಗಡಿ ಇಟ್ಟಿರುವ ಗೆಳೆಯ ಭಗವಂತರಾಯ ಮೋಸಂಬಿ, ದಾಳಿಂಬೆ ಹೊರಿಸಿಕೊಂಡು ಬಂದ. ನಾನು ಹೋಟೆಲಿನಿಂದ ಇಡ್ಲಿ ತಂದೆ, ಖಿಚಡಿ ತಂದೆ, ಒಮ್ಮೆ ಬಿರಿಯಾನಿಯನ್ನೂ ತಂದೆ. ಎಲ್ಲದರಲ್ಲೂ ಒಂದು ಚಮಚ ಬಾಯಿಗೆ ಇಟ್ಟುಕೊಳ್ಳುವಳು, ಮಣ್ಣು ತಿಂದ ಹಾಗಾಗುತ್ತದೆ ಎನ್ನುವಳು, ಗೋಡೆಯ ಕಡೆ ಹೊರಳುವಳು. ಬಿರಿಯಾನಿಯನ್ನು ಮಣ್ಣು ಎಂದ ಸುರಪುರದ ಹೆಣ್ಣುಮಗಳು ಭೂಮಿಯ ಮೇಲೆ ಇವಳೊಬ್ಬಳೇ ಇರಬೇಕು. ಕೊನೆಗೆ ಅವಳನ್ನು ನೋಡಲು ಬಂದ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

“ನೋಡ್ರಿ ಹಾಶಿಮ, ಜ್ವರ ಹೋಗ್ಯಾವ. ಆದ್ರ ಹಿಂಗ ಉಪಾಸ ಇದ್ರ ಸೋಮವಾರ ಮತ್ತ ಅಡ್ಮಿಟ್ ಮಾಡ್ಕೋಬೇಕಾಗ್ತದ. ಖಾರ ತಿನ್ನಲಿ, ಹುಳಿ ತಿನ್ನಲಿ, ಏನರೆ ತಿನ್ನಲಿ. ಹೊಟ್ಟಿಗೆ ಬೀಳಬೇಕು ಅಷ್ಟ.”

ಇಲ್ಲಿ ತಮಾಷೆ ಬದಿಗಿಟ್ಟು ಹೇಳುತ್ತೇನೆ, ನನಗೆ ತುಂಬ ಹೆದರಿಕೆಯಾಗಿತ್ತು. ಮದುವೆಯಾದಂದಿನಿಂದ ನನ್ನ ಹೊಟ್ಟೆಯ ಚಿಂತೆಯನ್ನು ನಾನು ಮಾಡಿದವನಲ್ಲ. ಅದನ್ನೆಲ್ಲ ಅವಳೇ ಮಾಡಿದ್ದಳು. ಅವಳು ಹಸಿದು ಮಲಗಿರುವಾಗ ನಾನು ಮೂರು ಹೊತ್ತು ಉಣ್ಣುತ್ತಿದ್ದೆ, ಅದೂ ಹೋಟೆಲಿನಲ್ಲಿ. ಒಂದು ದಿನವಾದರೂ ನನ್ನ ಕೈಯಿಂದ ಬೇಯಿಸಿ ಅವಳಿಗೆ ಉಣಿಸಬೇಕು ಎಂದು ಅಂದೇ ನಿಶ್ಚಯಿಸಿದೆ.

ಅಡಿಗೆಮನೆ ನನಗೆ ಅಪರಿಚಿತವೇನಲ್ಲ. ನನ್ನದು ಮಿಕ್ಸರ್, ಗ್ರೈಂಡರ್ ರಿಪೇರಿಯ ಅಂಗಡಿ. ಊರಿನ ಅರ್ಧ ಅಡಿಗೆಮನೆಗಳನ್ನು ನಾನು ಮೋಟಾರಿನ ಕಡೆಯಿಂದ ಬಲ್ಲೆ. (ನಮ್ಮ ಮನೆಯ ಮಿಕ್ಸರ್ ಕೆಟ್ಟು ಬಹಳ ದಿನವಾಯಿತು, ಗಿರಾಕಿಗಳ ಕೆಲಸವೇ ಮುಗಿಯದಿದ್ದರೆ ಮನೆಯದಕ್ಕೆ ಕೈ ಹಾಕುವುದು ಯಾವಾಗ? ಹೊಗೆ ಎಳೆಯುವ ಫ್ಯಾನನ್ನೂ ಇದೇ ಕಾರಣಕ್ಕೆ ಬಿಚ್ಚಿ ಅಂಗಡಿಯಲ್ಲಿಟ್ಟಿದ್ದೇನೆ.) ಆದರೆ ಒಲೆಯ ಮುಂದೆ ನಿಂತು ಮಾಡುವ ಕೆಲಸ ಚಹಾದಿಂದ ಮುಂದಕ್ಕೆ ಹೋಗಿರಲಿಲ್ಲ. ಏನು ಮಾಡಲಿ ಎಂದು ಅಂಗಡಿಯಲ್ಲಿ ಕೂತು ಫೋನು ಉಜ್ಜುತ್ತಿದ್ದಾಗ ಥಾಯ್ಲೆಂಡಿನ ಒಬ್ಬ ಹೆಣ್ಣುಮಗಳು ನನ್ನ ಉದ್ಧಾರಕ್ಕಾಗಿಯೇ ಪ್ರತ್ಯಕ್ಷಳಾದಳು.

ಅವಳು ಮಾಡುತ್ತಿದ್ದುದು ಕೋಳಿಯ ಸ್ಟಿರ್ ಫ್ರೈ. ಉರಿ ದೊಡ್ಡದು ಮಾಡಿದಳು, ಕುಟ್ಟಿದ ಬೆಳ್ಳುಳ್ಳಿ ಮೆಣಸಿನಕಾಯಿ ಎಣ್ಣೆಗೆ ಹಾಕಿದಳು, ಸಣ್ಣಗೆ ಕೊಚ್ಚಿದ ಕೋಳಿಯ ಖೀಮಾ ಹಾಕಿದಳು, ನಾಲ್ಕಾರು ಬಾಟಲಿಗಳಿಂದ ಅದೇನೋ ಸುರಿದಳು, ಕೊನೆಗೆ ಒಂದು ಹಿಡಿ ಎಲೆ ಚೆಲ್ಲಿ ಇಳಿಸಿಬಿಟ್ಟಳು. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರಗಳು ಓಡುತ್ತಿದ್ದವು. ಹತ್ತೇ ನಿಮಿಷದ ಅಡಿಗೆ, ಬಹಳ ಖಾರ, ಸತ್ತ ನಾಲಗೆಯೂ ಎದ್ದು ಕೂರುತ್ತದೆ ಎಂಬಷ್ಟು ನನಗೆ ತಿಳಿಯಿತು. ನನಗೆ ಬೇಕಾದದ್ದೂ ಅದೇ. ಬಾಟಲಿಗಳ ಪೈಕಿ ಸೋಯಾ ಸಾಸ್ ನಮ್ಮ ಗೋಬಿ ಮಂಚೂರಿ ಬಂಡಿಯ ಪರಮಣ್ಣನ ಹತ್ತಿರ ಸಿಗುತ್ತದೆ. ಇನ್ನೊಂದು ಮೀನಿನಿಂದ ತೆಗೆದ ರಸವಂತೆ. ಅದಿಲ್ಲದಿದ್ದರೆ ಉಪ್ಪು ಹಾಕಿ ಎಂದಿತ್ತು. ಉಪ್ಪಿಗೇನು ಬರ?

ಉಳಿದದ್ದು ಎಲೆ. ‘ಬೇಸಿಲ್’ ಎಂದು ಬರೆದಿತ್ತು. ಅಂಥದೊಂದು ಸೊಪ್ಪು ನಮ್ಮ ಬಜಾರಿನಲ್ಲಿ ನಾನು ಕಂಡಿರಲಿಲ್ಲ. ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದೆ, ಹೊರಳಿಸಿ ನೋಡಿದೆ. ತಟ್ಟನೆ ಹೊಳೆಯಿತು. ಅರೆ, ಇದು ನಮ್ಮ ಸಬ್ಜಾ! ದರ್ಗಾದಲ್ಲಿ ಗುಲಾಬಿಯ ಜೊತೆ ಇಡುತ್ತೇವಲ್ಲ, ಗೋರಿಯ ಮೇಲೆ ಹಾಸುತ್ತೇವಲ್ಲ, ಅದೇ ಘಮಘಮಿಸುವ ಸಬ್ಜಾ. ಕೆಲವರು ಕಾಮಕಸ್ತೂರಿ ಎನ್ನುತ್ತಾರೆ. ಹುಟ್ಟಿದಾಗಿನಿಂದ ಮೂಸಿದ್ದೇನೆ, ಒಮ್ಮೆಯೂ ತಿಂದಿರಲಿಲ್ಲ. ಇಡೀ ಶಹಾಪುರ ತಾಲ್ಲೂಕಿನಲ್ಲಿ ಈ ಸತ್ಯವನ್ನು ಕಂಡುಹಿಡಿದವನು ನಾನೊಬ್ಬನೇ ಎಂಬ ಹಮ್ಮು ತಲೆಗೇರಿತು. ಅಂಗಡಿಯ ಶಟರ್ ಎಳೆದು ಗಾಡಿ ಹತ್ತಿದೆ. ಕೋಳಿ ಖೀಮಾ ಹಿಡಿಸಿಕೊಂಡೆ, ಪರಮಣ್ಣನಿಂದ ಸೋಯಾ ಇಸಿದುಕೊಂಡೆ, ನೇರ ದರ್ಗಾದ ಬಾಗಿಲಿಗೆ ಹೋದೆ.

ಅಲ್ಲಿ ಫಕೀರಸಾಬ ಚಾಚಾ ಹೂವಿನ ಬಂಡಿ ಇಟ್ಟುಕೊಂಡು ಕೂತಿರುತ್ತಾರೆ. ಫಿರ್ದೌಸ್ ಆಸ್ಪತ್ರೆಯಲ್ಲಿದ್ದಾಗ ನಾನು ಹೋಗಿ ಅವರಿಂದಲೇ ಹೂವು ಒಯ್ದು ದುಆ ಕೇಳಿದ್ದೆ. ಅವಳಿಗೆ ಜಡ್ಡು ಎಂಬುದು ಅವರಿಗೆ ಗೊತ್ತು.

“ಚಾಚಾ, ಸಬ್ಜಾ ಕೊಡ್ರಿ.”

“ಎಷ್ಟು ಬೇಕೋ ಬೇಟಾ?”

“ಇದ್ದದ್ದೆಲ್ಲಾ ಕೊಡ್ರಿ.”

ಅವರು ಕೈಯಲ್ಲಿದ್ದ ದಾರ ಬಿಟ್ಟು ನನ್ನ ಮುಖ ನೋಡಿದರು. “ಹೂವು?”

“ಹೂವು ಬ್ಯಾಡ್ರಿ, ಬರೇ ಸಬ್ಜಾ ಸಾಕು.”

“ಯಾರ ಸಲುವಾಗಿ?”

“ಮತ್ಯಾರ್ರಿ ಚಾಚಾ, ಫಿರ್ದೌಸ್ ಸಲುವಾಗಿ. ಲಗೂ ಕೊಡ್ರಿ, ಬಿಸಲದ, ತಡಾ ಆದ್ರ ಕೆಡ್ತದ.” ನಾನು ಹೇಳಿದ್ದು ಗಾಡಿಗೆ ತೂಗುಹಾಕಿದ್ದ ಖೀಮಾದ ಬಗ್ಗೆ.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಿಬಿಡಬೇಕು. ದರ್ಗಾಕ್ಕೆ ಹೋಗುವವರು ಗುಲಾಬಿಯ ಜೊತೆ ಎರಡು ಕಡ್ಡಿ ಸಬ್ಜಾ ಒಯ್ಯುತ್ತಾರೆ. ಹೂವಿಲ್ಲದೆ ಬರೀ ಸಬ್ಜಾವನ್ನು, ಅದೂ ತೆಕ್ಕೆಗಟ್ಟಲೆ, ಅವಸರದಲ್ಲಿ ಕೇಳಲು ಬರುವುದು ಸಾವಾದ ಮನೆಯವರು. ಇದು ನಮ್ಮ ಊರಿನ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಆ ಹೊತ್ತು ನನ್ನ ತಲೆಯಲ್ಲಿ ಥಾಯ್ಲೆಂಡಿನ ಕಡಾಯಿ ಬಿಟ್ಟು ಬೇರೆ ಏನೂ ಇರಲಿಲ್ಲ. ಫಕೀರಸಾಬರು ಬುಟ್ಟಿಯಲ್ಲಿದ್ದ ಸಬ್ಜಾವನ್ನೆಲ್ಲ ಕಟ್ಟಿದರು. ಕೇಳದಿದ್ದರೂ ಒಂದು ಪಾಕೀಟು ಊದುಬತ್ತಿ ಸೇರಿಸಿದರು. ಆಮೇಲೆ ನನ್ನ ಎರಡೂ ಕೈ ಹಿಡಿದು, “ಸಬರ್ ಮಾಡು ಬೇಟಾ, ತಾಳ್ಕೋ, ಎಲ್ಲಾ ಅವನ ಇಚ್ಛಾ” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಮೊದಲ ಸಲ ಅಡಿಗೆ ಮಾಡಲು ಹೊರಟ ಗಂಡಸಿನ ಬಗ್ಗೆ ಈ ಹಿರಿಯರಿಗೆ ಎಂಥ ಅಂತಃಕರಣ ಎಂದು ನನ್ನ ಮನಸ್ಸು ತುಂಬಿಬಂತು. “ನಿಮ್ಮ ದುಆ ಇರ್ಲಿ ಚಾಚಾ” ಎಂದು ಗಾಡಿ ಹೊಡೆದೆ.

ಮನೆಗೆ ಬಂದಾಗ ಫಿರ್ದೌಸ್ ಮಲಗಿದ್ದಳು. ನೊಣ ಸೊಳ್ಳೆ ಬೇಡವೆಂದು ಬಿಳಿ ಚಾದರವನ್ನು ಕಾಲಿನಿಂದ ತಲೆಯವರೆಗೆ ಎಳೆದುಕೊಂಡು ಮಲಗುವುದು ಅವಳ ರೂಢಿ. ಅವಳಿಗೆ ಆಶ್ಚರ್ಯವಾಗಲಿ ಎಂದು ನಾನು ಬೆಕ್ಕಿನ ಹೆಜ್ಜೆಯಲ್ಲಿ ಅಡಿಗೆಮನೆ ಸೇರಿ, ವಾಸನೆ ಹೊರಗೆ ಹೋಗದಂತೆ ಬಾಗಿಲು ಹಾಕಿ, ಕಿಟಕಿಯನ್ನೂ ಮುಚ್ಚಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಫೋನಿನ ಬೆಳಕಿನಲ್ಲಿ ಕಾರ್ಯಾರಂಭವಾಯಿತು.

ಹತ್ತು ನಿಮಿಷದ ಅಡಿಗೆ ಎಂದಿದ್ದಳಲ್ಲ ಆ ಹೆಣ್ಣುಮಗಳು, ಅವಳ ಬೆಳ್ಳುಳ್ಳಿಯನ್ನು ಯಾರು ಸುಲಿದುಕೊಟ್ಟಿದ್ದರೋ ಅದು ವಿಡಿಯೊದಲ್ಲಿ ಇರಲಿಲ್ಲ. ನನ್ನ ಬೆಳ್ಳುಳ್ಳಿ ಉಗುರಿಗೆ ಅಂಟಿತು, ನೆಲಕ್ಕೆ ಹಾರಿತು, ಗ್ಯಾಸಿನ ಕೆಳಗೆ ಉರುಳಿತು. ಮಿಕ್ಸರ್ ಇಲ್ಲದ್ದರಿಂದ ಕಲಬತ್ತದಲ್ಲಿ ಕುಟ್ಟಬೇಕಾಯಿತು, ಸದ್ದಾಗಬಾರದೆಂದು ಅದರ ಕೆಳಗೆ ನನ್ನ ಲುಂಗಿ ಮಡಚಿ ಇಟ್ಟೆ. (ಹಾಗಾದರೆ ನಾನೇನು ಉಟ್ಟಿದ್ದೆ ಎಂದು ಕೇಳಬೇಡಿ, ಪ್ಯಾಂಟು ಇತ್ತು.) ಥಾಯ್ ಜನ ನಾಲ್ಕು ಮೆಣಸಿನಕಾಯಿಗೆ ಬಹಳ ಖಾರ ಎನ್ನುತ್ತಾರಂತೆ. ನಮ್ಮ ಕಡೆ ಅಷ್ಟನ್ನು ರೊಟ್ಟಿಯ ಜೊತೆ ಕಚ್ಚಿಕೊಂಡು ತಿನ್ನುತ್ತಾರೆ. ಸತ್ತ ನಾಲಗೆ ಏಳಬೇಕಲ್ಲ ಎಂದು ಜವಾರಿ ಹಸಿಮೆಣಸಿನಕಾಯಿಯನ್ನು ಕೈಗೆ ಬಂದಷ್ಟು ಕುಟ್ಟಿದೆ. ಈ ಎಲ್ಲ ಸಿದ್ಧತೆ ಮುಗಿಯುವಷ್ಟರಲ್ಲಿ ಸಾವಧಾನವಾಗಿ ಒಂದು ಮದುವೆಯೇ ಮುಗಿಯುತ್ತಿತ್ತು.

ಆ ಹೊತ್ತಿನಲ್ಲಿ ಹೊರಗೆ ಏನಾಯಿತು ಎಂಬುದು ನನಗೆ ಆಮೇಲೆ ತಿಳಿಯಿತು. ಫಕೀರಸಾಬರು ಬಂಡಿಗೆ ತಾಡಪತ್ರಿ ಮುಚ್ಚಿ, ಸಾವಿನ ಸುದ್ದಿ ಸಾರಿಸಲು ನಮ್ಮ ಓಣಿಯ ಮಸೀದಿಗೆ ಹೋಗಿದ್ದಾರೆ. ಕರೆಂಟು ಇಲ್ಲದ್ದರಿಂದ ಮೈಕು ಒದರಲಿಲ್ಲ. (ಕರೆಂಟು ಹೋದದ್ದಕ್ಕೆ ದೇವರಿಗೆ ಶುಕ್ರಿಯಾ ಹೇಳಿದ ಮಿಕ್ಸರ್ ರಿಪೇರಿಯವನು ನಾನೊಬ್ಬನೇ.) ಆದರೆ ಮೈಕಿಗಿಂತ ಬಾಯಿ ಗಟ್ಟಿ. ಪರಮಣ್ಣನಿಗೆ ತಿಳಿಯಿತು, ಅವನಿಂದ ಭಗವಂತರಾಯನಿಗೆ, ಭಗವಂತರಾಯನಿಂದ ಫೋನಿನಲ್ಲಿ ಸುರಪುರಕ್ಕೆ, ನನ್ನ ಹೆಂಡತಿಯ ಚಿಕ್ಕಮ್ಮ ಖಾಸಿಂಬೀ ಖಾಲಾಗೆ. ಖಾಲಾ ಅಳುತ್ತಲೇ ನಾರಾಯಣಪುರಕ್ಕೆ ಫೋನು ಹಚ್ಚಿ, ಅಲ್ಲಿ ಡ್ಯಾಮಿನ ಕ್ವಾರ್ಟರ್ಸಿನಲ್ಲಿರುವ ಫಿರ್ದೌಸಳ ತಮ್ಮ, ಅಕ್ಕನ ಗಂಡನೆಂದು ನನ್ನನ್ನು ದುಲ್ಲಾಭಾಯಿ ಎನ್ನುವ ಶಾರುಖನಿಗೆ ಹೇಳಿ, ಸಿಕ್ಕ ಜೀಪು ಹತ್ತಿ ಹೊರಟೇಬಿಟ್ಟಿದ್ದಾರೆ. ಪರಿಮಳಾ ಓಡಿ ಬಂದು ಪರದೆಯ ಸಂದಿಯಿಂದ ಇಣುಕಿ, ತಲೆಯವರೆಗೆ ಹೊದಿಸಿದ ಬಿಳಿ ಚಾದರ ಕಂಡು, ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಬಂದಿದ್ದಾಳೆ. ಇನ್ನು ಸಾಕ್ಷಿ ಯಾರಿಗೆ ಬೇಕು? ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ಓಣಿಯ ಹೆಣ್ಣುಮಕ್ಕಳು ಮನೆಮನೆಯಲ್ಲಿ ರೊಟ್ಟಿ ಬಡಿಯಲು ಕೂತಿದ್ದಾರೆ.

ಇತ್ತ ನಾನು ಒಲೆ ಹಚ್ಚಿದೆ. ಎಣ್ಣೆ ಹೊಗೆಯಾಡುವವರೆಗೆ ಕಾಯಲಿ ಎಂದಿತ್ತು, ಕಾಯಿಸಿದೆ. ಕುಟ್ಟಿದ ಮೆಣಸಿನಕಾಯಿಯನ್ನು ಅದರಲ್ಲಿ ಸುರಿದೆ.

ಘಾಟು ಎಂದರೇನೆಂದು ನಾನು ಅಂದು ತಿಳಿದೆ. ಮೊದಲು ಮೂಗು ಹೋಯಿತು, ಆಮೇಲೆ ಕಣ್ಣು, ಆಮೇಲೆ ಗಂಟಲು. ಆದರೂ ಕೈ ಬಿಡಲಿಲ್ಲ. ಕುರುಡುಗಣ್ಣಿನಲ್ಲೇ ಖೀಮಾ ಹಾಕಿದೆ, ಸೋಯಾ ಸುರಿದೆ, ಮೀನಿನ ರಸದ ಬದಲು ಉಪ್ಪು ಹಾಕಿದೆ, ಹಾಕಿದೆನೋ ಇಲ್ಲವೋ ಎಂದು ಕಾಣದೆ ಮತ್ತೊಮ್ಮೆ ಹಾಕಿದೆ. ಸಬ್ಜಾವನ್ನು ಮೇಲೆ ಚೆಲ್ಲಿದೆ. ಇನ್ನೊಂದು ಗಳಿಗೆ ನಿಂತರೆ ಜೀವ ಹೋಗುತ್ತದೆ ಎನಿಸಿ ಬಾಗಿಲು ತೆರೆದು, ಸೌಟು ಹಿಡಿದೇ, ಕೆಮ್ಮುತ್ತ ಬಿಕ್ಕುತ್ತ ಹೊರಗೆ ಓಡಿದೆ.

ಹೊರಗೆ ಅರ್ಧ ಓಣಿ ನಿಂತಿತ್ತು. ತಲೆಗೆ ಟೋಪಿ ಹಾಕಿದವರು, ರುಮಾಲು ಸುತ್ತಿದವರು, ಸೆರಗು ಹೊದ್ದವರು. ಹೊಗೆ ಕಂಡು ಬೆಂಕಿ ಆರಿಸಲು ಬಂದಿದ್ದಾರೆ, ಎಂಥ ಒಳ್ಳೆಯ ಜನ ಎಂದುಕೊಂಡೆ. ಭಗವಂತರಾಯ ಬಂದು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡ.

“ಧೈರ್ಯ ತಗೋ ಹಾಶಿಮಾ. ಅಳು, ಅತ್ತು ಬಿಡು. ಎದಿಯಾಗ ಇಟ್ಕೋಬ್ಯಾಡ.”

“ಆಕಿಗೆ… ಆಕಿಗೆ ನಾನು…” ಎಂದೆ. ಕೆಮ್ಮು ಮುಂದಿನ ಮಾತು ನುಂಗಿತು.

“ಗೊತ್ತದ ಮಾರಾಯ, ಎಲ್ಲಾ ಗೊತ್ತದ. ಎಂಥ ಹೆಣ್ಮಗಳಿದ್ದಳಪ್ಪಾ! ನಿನ್ನ ಡಬ್ಬಿಯಾಗ ನನ್ನ ಸಲುವಾಗಿ ಎರಡು ರೊಟ್ಟಿ ಜಾಸ್ತಿ ಇಟ್ಟು ಕಳಸ್ತಿದ್ದಳು. ನೀ ಅದನ್ನೂ ತಿಂತಿದ್ದಿ, ಆ ಮಾತು ಬ್ಯಾರೆ.”

ಪರಿಮಳಾ ಕಣ್ಣೊರೆಸಿಕೊಂಡಳು. “ನನ್ನ ಬಾಣಂತನದಾಗ ತವರಿನವರಕಿಂತ ಹೆಚ್ಚು ಮಾಡಿದ್ರು ಅಣ್ಣಾರ. ಅಕ್ಕಾರಂಥವರು ಸಿಗಾಂಗಿಲ್ರಿ.”

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಜೀಪು ನಿಂತಿತು. ಖಾಸಿಂಬೀ ಖಾಲಾ ಎದೆ ಬಡಿದುಕೊಳ್ಳುತ್ತ ಇಳಿದರು. ಅಳುವುದಕ್ಕೂ ಬೈಯುವುದಕ್ಕೂ ಕನ್ನಡವೇ ಸರಿ ಎಂಬ ಸುರಪುರದ ಶಾಲೆಯ ಹೆಡ್‌ಮಾಸ್ತರು ಅವರೇ.

“ಹೋದೆ ಏನವಾ ನನ್ನ ಬಂಗಾರಾ! ನಾ ಅವತ್ತ ಹೇಳಿದ್ದೆ, ಆ ಮಿಕ್ಸರಿನವನಿಗೆ ಕೊಡಬ್ಯಾಡ್ರೀ ಅಂತ. ಊರ ಮಂದಿ ಮಿಕ್ಸರ್ ತಿರಗಸ್ತಾನ, ನನ್ನ ಕೂಸಿನ ಕೈಲೆ ಕಲ್ಲಿನ್ಯಾಗ ಅರಸಿದಾ. ಅರೆದೂ ಅರೆದೂ ಹೋತಲ್ಲೋ ನನ್ನ ಕೂಸು!”

“ಇನ್ನ ಇವರ ಗತಿ ಹ್ಯಾಂಗ್ರಿ?” ಎಂದಳು ಪರಿಮಳಾ. “ಒಂದು ಲೋಟ ನೀರು ತಗೊಂಡು ಕುಡಿಯಾಕ ಬರಾಂಗಿಲ್ಲ ಅಣ್ಣಾರಿಗೆ.”

“ಎರಡನೇ ಹೆಣ್ಣರೆ ಯಾರು ಕೊಡ್ತಾರ ಇವಗ?” ಎಂದ ಭಗವಂತರಾಯ. ನನ್ನ ಆಪ್ತ ಗೆಳೆಯ. ನೆರೆದವರೆಲ್ಲ ಹೌದೆಂದು ತಲೆಯಾಡಿಸಿದರು.

ಇಷ್ಟೆಲ್ಲ ಕಿವಿಗೆ ಬಿದ್ದ ಮೇಲೆ ನನ್ನ 'ಘನ ಬುದ್ಧಿ' ಕೆಲಸ ಮಾಡಿತು. ಇದ್ದಳು, ಹೋದಳು, ಎರಡನೆಯದು. ಇವರು ಬಂದದ್ದು ಹೊಗೆಗಲ್ಲ. ಫಿರ್ದೌಸ್ ಹೋಗಿದ್ದಾಳೆ. ಇವರೆಲ್ಲರಿಗೂ ಗೊತ್ತಿದೆ, ನನಗೊಬ್ಬನಿಗೆ ಗೊತ್ತಿಲ್ಲ. ನಾನು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಾಗ ಪಕ್ಕದ ಕೋಣೆಯಲ್ಲಿ ಒಬ್ಬಳೇ ಹೋಗಿಬಿಟ್ಟಿದ್ದಾಳೆ! ಸೌಟು ಕೈಯಿಂದ ಜಾರಿತು. ಜನರನ್ನು ತಳ್ಳಿಕೊಂಡು ಒಳಗೆ ಓಡಿ ಪರದೆ ಸರಿಸಿದೆ. ಬಿಳಿ ಚಾದರ ತಲೆಯವರೆಗೆ ಹೊದಿಸಿತ್ತು, ಮಿಸುಕಾಡುತ್ತಿರಲಿಲ್ಲ. ಹಾಸಿಗೆಯ ಪಕ್ಕ ನೆಲಕ್ಕೆ ಕೂತೆ. ಆ ಕ್ಷಣ ನೆನೆದರೆ ಈಗಲೂ ನನ್ನ ಮೈ ತಣ್ಣಗಾಗುತ್ತದೆ.

“ಫಿರ್ದೌಸ್! ಒಂದು ತುತ್ತರೆ ತಿಂದು ಹೋಗಬಾರದಾ? ನಿನ್ನ ಸಲುವಾಗಿ ಮಾಡಾಕತ್ತಿದ್ದೆ… ಮಿಕ್ಸರ್ ಇವತ್ತ ರಿಪೇರಿ ಮಾಡ್ತೀನಿ. ಫ್ಯಾನ್ ಇವತ್ತ ಹಚ್ಚತೀನಿ. ನಿನ್ನಂಥಾಕಿ ನನಗ ಸಿಕ್ಕದ್ದ ದೊಡ್ಡದು, ಒಂದು ಸಲಾನೂ ಹೇಳಲಿಲ್ಲಲ್ಲ ನಾನು! ಏಳು, ನನ್ನ ಬೈಯಿ, ಓಣಿ ಕೇಳೂಹಂಗ ಬೈಯಿ!”

ಹಿಂದೆ ನಿಂತವರೆಲ್ಲ ಗೊಳೋ ಎಂದರು. ಖಾಲಾ ನೆಲಕ್ಕೆ ಬಿದ್ದರು.

“ಒಲಿಮ್ಯಾಲ ಏನೋ ಹೊತ್ತಾಕತ್ತದ,” ಎಂದಿತು ಚಾದರ. “ಮೊದಲ ಅದನ್ನ ಇಳಸ್ರಿ. ಆಮ್ಯಾಲ ಅಳೂವಂತ್ರಿ.”

ಕನ್ನಡ! ಅಚ್ಚ ಕನ್ನಡ! ಬಾಗಿಲಲ್ಲಿದ್ದ ಗಂಡಸರು ಒಬ್ಬರ ಮೇಲೊಬ್ಬರು ಬಿದ್ದು ಅಂಗಳ ಸೇರಿದರು. ಪರಿಮಳಾ ಚೀರಿದಳು. ಫಿರ್ದೌಸ್ ಚಾದರ ಸರಿಸಿ ಎದ್ದು ಕೂತಳು. ಅವಳ ಮುಖ ಕೆಂಪಾಗಿತ್ತು, ಭುಜ ಕುಣಿಯುತ್ತಿದ್ದವು. ನಾನು ಜ್ವರವೇ ತಿರುಗಿತೆಂದು ಹೆದರಿದೆ. ಅದು ಜ್ವರವಲ್ಲ, ತಡೆದಿಟ್ಟುಕೊಂಡ ನಗು. ಅವಳು ನಕ್ಕದ್ದನ್ನು ಕಂಡು ಎಷ್ಟು ದಿನವಾಗಿತ್ತೋ, ನಾನು ಅಲ್ಲೇ ಕೈಯೆತ್ತಿ ಅಲ್ಲಾಹನಿಗೆ ಶುಕ್ರಿಯಾ ಹೇಳಿದೆ.

“ಕಣ್ಣು ತೆರೆಯೂದರಾಗ ಸಬ್ಜಾ ವಾಸನಿ ಬಂತು, ಹೊರಗ ಮಂದಿ ಅಳೂ ಸಪ್ಪಳ ಕೇಳಸ್ತು,” ಎಂದಳು. “ಖರೇನ ಸತ್ತೀನಿ ಅಂತ ತಿಳ್ಕೊಂಡೆ. ಆಮ್ಯಾಲ ಹೊತ್ತಿದ ಬೆಳ್ಳೊಳ್ಳಿ ವಾಸನಿ ಬಂತು ನೋಡ್ರಿ, ಅವಾಗ ಗ್ಯಾರಂಟಿ ಆತು, ಇದು ನಮ್ಮ ಮನೀನ ಅಂತ. ಸುಮ್ನ ಮಲಗಿದ್ದೆ. ಮಂದಿ ನನ್ನ ಬಗ್ಗೆ ಇಷ್ಟು ಚಂದ ಮಾತಾಡೂದು ಮತ್ತ ಯಾವಾಗ ಕೇಳಾಕ ಸಿಗ್ತದ?”

ಖಾಲಾ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮುದ್ದಿಟ್ಟರು, ಆಮೇಲೆ ನನ್ನ ಕಡೆ ತಿರುಗಿ ಚಪ್ಪಲಿ ಹುಡುಕಿದರು. ಎಲ್ಲರೂ ಫಕೀರಸಾಬರನ್ನು ಹಿಡಿದುಕೊಂಡರು. ಪಾಪ, ಅವರು ನನ್ನ ಕಡೆ ಬೆರಳು ತೋರಿಸಿದರು.

“ಬುಟ್ಟಿಗಟ್ಟಲೆ ಸಬ್ಜಾ ಒಯ್ದಾನ! ಹೂವೂ ಬ್ಯಾಡ ಅಂದಾನ! ಒಯ್ದು ಅಡಗಿ ಮಾಡ್ತಾನ ಅಂತ ನನಗೇನು ಕನಸು ಬಿದ್ದಿತ್ತೇನ್ರಪ್ಪಾ?”

“ಥಾಯ್ಲೆಂಡಿನಾಗ ತಿಂತಾರ್ರಿ ಚಾಚಾ,” ಎಂದೆ ಸಣ್ಣ ದನಿಯಲ್ಲಿ.

“ಗೋರಿ ಮ್ಯಾಲಿಂದು ತಿಂತಾರಾ?” ಎಂದು ಖಾಲಾ ಕೆನ್ನೆ ಕೆನ್ನೆ ಬಡಿದುಕೊಂಡರು.

ಫಿರ್ದೌಸ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. “ನನ್ನ ಸಲುವಾಗಿ ಮಾಡ್ಯಾರ. ತರ್ರಿ ಇಲ್ಲಿ, ನೋಡೂಣು.”

ಕಡಾಯಿಯ ತಳ ಹೊತ್ತಿತ್ತು. ಮೇಲಿನದನ್ನು ಬಳಿದು ತಟ್ಟೆಗೆ ಹಾಕಿ ತಂದೆ. ಕಪ್ಪು ಖೀಮಾದ ಮೇಲೆ ಬಾಡಿದ ಸಬ್ಜಾ. ಓಣಿಗೆ ಓಣಿಯೇ ಕತ್ತು ಚಾಚಿ ನಿಂತಿತು. ಅವಳು ಒಂದು ಚಿಟಿಕೆ ತೆಗೆದು ಬಾಯಿಗಿಟ್ಟಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಇನ್ನೇನು ಮಣ್ಣು ಎನ್ನುತ್ತಾಳೆ, ಗೋಡೆಯ ಕಡೆ ಹೊರಳುತ್ತಾಳೆ, ಸೋಮವಾರ ಮತ್ತೆ ಆ ಬಾಟಲಿ, ಮತ್ತೆ ಆ ಸೂಜಿ.

ಅವಳ ಮುಖ ಮುದುಡಿತು. ಕಣ್ಣು ಮುಚ್ಚಿದವು. ಕಣ್ಣು ದೊಡ್ಡದಾಗಿ ತೆರೆದವು.

“ಯಾ ಅಲ್ಲಾ! ಉಪ್ಪು!” ಎಂದು ಕೂಗಿದಳು. “ಇದೇನು ಕೋಳ್ಯಾಗ ಉಪ್ಪು ಹಾಕೀರೋ, ಉಪ್ಪಿನ್ಯಾಗ ಕೋಳಿ ಹಾಕೀರೋ? ಖಾರ ನೋಡಿದ್ರ ನೆತ್ತಿಗೇರ್ತದ, ಬೆಳ್ಳೊಳ್ಳಿ ಕಹಿ ಆಗ್ಯದ, ಒಂದು ಪದಾರ್ಥಕ್ಕರೆ ಅಳತಿ ಅನ್ನೂದು ಅದ ಏನು?”

ಎಲ್ಲರೂ ನನ್ನನ್ನು ಅನುಕಂಪದಿಂದ ನೋಡಿದರು. ನಾನು ಭಗವಂತರಾಯನನ್ನು ತಬ್ಬಿಕೊಂಡು ಕುಣಿದೆ. “ಉಪ್ಪು ಗೊತ್ತಾತು! ಖಾರ ಗೊತ್ತಾತು! ಕಹಿ ಸೈತ ಗೊತ್ತಾತು!” ಗಾಬರಿಗೆ ತಲೆ ಕೆಟ್ಟಿದೆ ಎಂದು ಅವನು ನನ್ನನ್ನು ಹಿಡಿದು ಕೂರಿಸಲು ನೋಡಿದ. ಅವನಿಗೇನು ಗೊತ್ತು, ಇಷ್ಟು ದಿನ ನಾನು ಕೇಳಲು ಕಾದದ್ದು ಆ ಮಾತನ್ನೇ. ಎಲ್ಲಾ ಮಣ್ಣು ಎನ್ನುತ್ತಿದ್ದ ನಾಲಗೆ ಈಗ ಒಂದೊಂದು ಪದಾರ್ಥವನ್ನೂ ಹೆಸರು ಹಿಡಿದು ಬೈಯುತ್ತಿತ್ತು.

“ಬಾಯಿ ಉರಿಯಾಕತ್ತದ. ಪರಿಮಳಾ, ಆ ಡಬ್ಬಿಯಾಗ ಏನದ?” ಎಂದಳು ಫಿರ್ದೌಸ್.

ಸಾವಿನ ಮನೆಗೆಂದು ತಂದ ಡಬ್ಬಿಗಳು ಸಾಲಾಗಿ ಬಿಚ್ಚಿಕೊಂಡವು. ಪರಿಮಳಾಳ ಜೋಳದ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು. ಎದುರುಮನೆಯ ಹುಳಿಬೇಳೆಯ ಖಟ್ಟೀ ದಾಲ್, ಅನ್ನ. ಫಿರ್ದೌಸ್ ಮೊದಲು ಮೊಸರು ಕುಡಿದಳು. ಆಮೇಲೆ ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಒತ್ತಿದಳು. ಒಂದು ತುತ್ತು, ಎರಡು ತುತ್ತು. ಹುಳಿ ಚಲೋ ಹಿಡಿದದ ಎಂದು ಬೆರಳು ನೆಕ್ಕಿದಳು. ಮತ್ತೊಂದು ರೊಟ್ಟಿ ಕೇಳಿದಳು. ಖಾಲಾ ಒಂದು ಕಡೆ ಕೂತು ತುತ್ತು ಮಾಡಿಕೊಡುತ್ತ, ಇನ್ನೊಂದು ಕಡೆಯಿಂದ ಪರಿಮಳಾ ಬಡಿಸುತ್ತ, ಫಕೀರಸಾಬರು ಬಾಗಿಲಲ್ಲಿ ನಿಂತು ‘ಸುಭಾನಲ್ಲಾ, ಸುಭಾನಲ್ಲಾ’ ಎನ್ನುತ್ತ ಇದ್ದರು. ನಾನು ಅವರೆಲ್ಲರ ಮುಖವನ್ನು ಒಂದೊಂದಾಗಿ ನೋಡಿದೆ. ಒಂದು ಸುಳ್ಳು ಸುದ್ದಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದ ಜನ. ನನ್ನ ಬಗ್ಗೆ ಅವರ ಅಭಿಪ್ರಾಯ ಏನೇ ಇರಲಿ, ಅವರ ಋಣ ನಾನು ತೀರಿಸಲಾರೆ.

“ನೀವ್ಯಾಕ ನಿಂತೀರಿ? ಉಣ್ರಿ,” ಎಂದು ಫಿರ್ದೌಸ್ ನನ್ನ ಕಡೆ ತಟ್ಟೆ ತಳ್ಳಿದಳು. ನಾನು ಆಸೆಯಿಂದ ರೊಟ್ಟಿಗೆ ಕೈ ಚಾಚಿದೆ. ಅವಳು ತಳ್ಳಿದ್ದು ಥಾಯ್ಲೆಂಡಿನ ತಟ್ಟೆಯನ್ನು. “ಅನ್ನ ಕೆಡಸಿದ್ರ ಪಾಪ ಬರ್ತದ. ಕಡಾಯ್ಯಾಗಿಂದೂ ಬಳದು ಹಾಕ್ಕೋರಿ.”

ಕೂತು ತಿನ್ನತೊಡಗಿದೆ. ಒಂದು ತುತ್ತಿಗೆ ಒಂದು ಲೋಟ ನೀರು. ಆಗ ಹೊರಗೆ ಮೋಟಾರ್‌ಸೈಕಲ್ಲು ಉರುಳಿ ಬಿದ್ದ ಸದ್ದಾಯಿತು. ನಾರಾಯಣಪುರದಿಂದ ಬಿಸಿಲಲ್ಲಿ ಗಾಡಿ ಹೊಡೆದುಕೊಂಡು ಬಂದ ಶಾರುಖ್ ಧೂಳುಮುಖದಲ್ಲಿ ಹೊಸ್ತಿಲ ಮೇಲೆ ಕುಸಿದು, “ಆಪಾ! ನನ್ನ ಬಿಟ್ಟು ಹ್ಯಾಂಗ ಹೋದಿ ಆಪಾ!” ಎಂದು ಹಣೆ ಚಚ್ಚಿಕೊಂಡ. ತಲೆ ಎತ್ತಿದರೆ ಆಪಾ ಎದುರಿಗೇ ಕೂತು ಮೂರನೆಯ ರೊಟ್ಟಿ ಮುರಿಯುತ್ತಿದ್ದಳು.

“ಬಂದೀ? ಚಲೋ ಆತು, ಕೈಕಾಲು ತೊಳ್ಕೊಂಡು ಊಟಕ್ಕ ಕೂಡು,” ಎಂದಳು ಫಿರ್ದೌಸ್ ಬಾಯಿತುಂಬ ತುತ್ತು ಇಟ್ಟುಕೊಂಡು, ಇಡೀ ಓಣಿಗೆ ಕೇಳುವ ಕನ್ನಡದಲ್ಲಿ. “ಏನು ಬೇಕಾದ್ದು ತಿನ್ನು. ಆ ಎಲಿ ಹಾಕಿದ್ದು ಮಾತ್ರ ಮುಟ್ಟಬ್ಯಾಡ, ಅದಷ್ಟೂ ನಿನ್ನ ದುಲ್ಲಾಭಾಯಿಂದು.”

ನಾನು ಅಲ್‌ಹಮ್ದುಲಿಲ್ಲಾ ಎಂದು ಇನ್ನೊಂದು ತಂಬಿಗೆ ನೀರು ತರಲು ಎದ್ದೆ.